ಎರಡನೇ ಮನೆಗೆ ಬರುವ ಸ್ಪೇನಿಯಲ್



ಮನೆಯಲ್ಲೊಂದು ನಾಯಿ ಇರಬೇಕೆಂಬ ಆಸೆ ನಿಮ್ಮಲ್ಲಿ ಅನೇಕರಿಗೆ ಇರುತ್ತದೆ. ನಾಯಿ ಎಂದೊಡನೆ ಕಣ್ಣ ಮುಂದೆ ಬರುವುದು ಎರಡು ಕೈಯಲ್ಲಿ ಎತ್ತಿಕೊಳ್ಳುವಂಥ ಪುಟ್ಟ ಮರಿ. ಆದರೆ ಬೆಂಗಳೂರಿನಂತಹ ನಗರಗಳ ಪ್ರಾಣಿ ಆಶ್ರಯಧಾಮಗಳಲ್ಲಿ ಬೆಳೆದ ನಾಯಿಗಳೂ ಮನೆಗಾಗಿ ಕಾಯುತ್ತಿರುತ್ತವೆ. ಬೀದಿಯಲ್ಲೇ ಹುಟ್ಟಿದವು ಕೆಲವು. ಇನ್ನು ಕೆಲವು ಒಂದು ಕಾಲಕ್ಕೆ ಯಾರೋ ಹಣ ಕೊಟ್ಟು, ಆಸೆಪಟ್ಟು ತಂದ ಜಾತಿ ನಾಯಿಗಳು. ಇಳಿಬಿದ್ದ ಉದ್ದ ಕಿವಿ, ರೇಷ್ಮೆಯಂಥ ಕೂದಲು, ದೊಡ್ಡ ಕಣ್ಣುಗಳ ಕಾಕರ್ ಸ್ಪೇನಿಯಲ್ ಕೂಡ ಇವುಗಳ ನಡುವೆ ಕಾಣಸಿಗುತ್ತದೆ.

ಹೀಗೆ ಒಮ್ಮೆ ಮನೆ ಕಳೆದುಕೊಂಡ ನಾಯಿಯನ್ನು ತಂದು ಸಾಕುವುದಕ್ಕೆ ದತ್ತು ಪಡೆಯುವುದು ಎನ್ನುತ್ತಾರೆ. ಪದ ದೊಡ್ಡದೆನಿಸಬಹುದು, ಆದರೆ ಪೂರ್ತಿ ಸರಿಯಾಗಿದೆ. ಅಂಗಡಿಯಿಂದ ವಸ್ತು ತಂದಾಗ ಅದರ ಹಿಂದಿನ ಕಥೆ ನಮಗೆ ಬೇಕಿಲ್ಲ. ದತ್ತು ಪಡೆದಾಗ ಹಿಂದಿನ ಕಥೆಯೂ ಮುಂದಿನ ಹೊಣೆಯೂ ಒಟ್ಟಿಗೆ ಮನೆಯೊಳಗೆ ಬರುತ್ತವೆ.

ಒಂದು ಮನೆ ತಪ್ಪಿದ ನಾಯಿಗೆ ಎರಡನೆಯ ಮನೆಯೂ ತಪ್ಪಿದರೆ ಅದರ ಪಾಡು ಏನಾಗಬೇಕು? ಆದ್ದರಿಂದ ಎರಡನೇ ಮನೆಯೇ ಅದರ ಕೊನೆಯ ಮನೆಯಾಗಬೇಕು. ಅದಕ್ಕೆ ಪ್ರೀತಿಯೊಂದೇ ಸಾಲದು. ನಾಯಿಯ ವಿಷಯದಲ್ಲಿ ತಿಳಿವಳಿಕೆ, ಒಂದು ದಿನಚರಿ ಮತ್ತು ಮನೆಯ ಎಲ್ಲರ ಒಪ್ಪಿಗೆ ಬೇಕು. ಇವು ಏಕೆ ಬೇಕು, ಹೇಗೆ ಬರುತ್ತವೆ ಎಂಬುದನ್ನು ಈಗ ನೋಡೋಣ.

ಸ್ಪೇನಿಯಲ್ ಎಂಬ ಬೇಟೆ ನಾಯಿ

ಸ್ಪೇನಿಯಲ್ ಎಂಬ ಹೆಸರು ಸ್ಪೇನ್ ದೇಶದ ಹೆಸರಿನಿಂದ ಬಂದಿತು ಎನ್ನುತ್ತಾರೆ. ಆದರೆ ಇಂದು ನಾವು ನೋಡುವ ತಳಿಗಳು ಹೆಚ್ಚಾಗಿ ರೂಪುಗೊಂಡದ್ದು ಬ್ರಿಟನ್ನಿನಲ್ಲಿ. ಪೊದೆಗಳಲ್ಲಿ ಅಡಗಿದ ಹಕ್ಕಿಗಳನ್ನು ಮೂಸಿ ಪತ್ತೆಹಚ್ಚಿ, ಅವು ಮೇಲೆ ಹಾರುವಂತೆ ಎಬ್ಬಿಸುವುದು ಈ ನಾಯಿಯ ಕೆಲಸವಾಗಿತ್ತು. ಹಿಂದೆ ಬೇಟೆಗಾರರು ಬಲೆ ಹಿಡಿದು ನಿಲ್ಲುತ್ತಿದ್ದರು, ಆಮೇಲೆ ಬಂದೂಕು ಬಂತು. 'ವುಡ್‌ಕಾಕ್' ಎಂಬ ಹಕ್ಕಿಯನ್ನು ಎಬ್ಬಿಸಲು ಬಳಸುತ್ತಿದ್ದ ಚಿಕ್ಕ ಸ್ಪೇನಿಯಲ್‌ಗೆ 'ಕಾಕರ್' ಎಂಬ ಹೆಸರಾಯಿತು. ಅಮೆರಿಕಕ್ಕೆ ಹೋದ ಕಾಕರ್ ಅಲ್ಲಿ ಇನ್ನಷ್ಟು ಚಿಕ್ಕದಾಗಿ, ಕೂದಲು ಇನ್ನಷ್ಟು ದಟ್ಟವಾಗಿ ಬೆಳೆಯಿತು. 1946ರಲ್ಲಿ ಅಮೆರಿಕದ ಕೆನಲ್ ಕ್ಲಬ್ ಇಂಗ್ಲಿಷ್ ಕಾಕರನ್ನು ಬೇರೆಯೇ ತಳಿ ಎಂದು ಮಾನ್ಯ ಮಾಡಿತು. 1955ರ 'ಲೇಡಿ ಅಂಡ್ ದಿ ಟ್ರ್ಯಾಂಪ್' ಚಿತ್ರದಲ್ಲಿ ಬರುವ ಲೇಡಿ ಈ ಕಾಕರ್ ಜಾತಿಯದೇ.

ಇಂಗ್ಲಿಷ್ ಕಾಕರ್ ಸುಮಾರು 40 ಸೆಂಟಿಮೀಟರ್ ಎತ್ತರ, 12ರಿಂದ 15 ಕಿಲೋ ತೂಕದ ನಾಯಿ. ಸಾಮಾನ್ಯವಾಗಿ 12ರಿಂದ 15 ವರ್ಷ ಬದುಕುತ್ತದೆ. ನೋಡಲು ಮುದ್ದಾಗಿದ್ದರೂ ಇದು ಮಡಿಲಲ್ಲಿ ಕೂತಿರಲೆಂದು ಬೆಳೆಸಿದ ನಾಯಿಯಲ್ಲ ಎಂಬುದನ್ನು ನೆನಪಿಡಿ. ಗಂಟೆಗಟ್ಟಲೆ ಪೊದೆ ನುಗ್ಗುವ ಕಸುವು, ಸದಾ ನೆಲ ಮೂಸುವ ಮೂಗು, ಜೊತೆಗಿರುವ ಮನುಷ್ಯನ ಮೇಲೆ ಸದಾ ಒಂದು ಕಣ್ಣು, ಇವು ಅದರ ಹುಟ್ಟುಗುಣ. ಎರಡು ಕೋಣೆಯ ಮನೆಯಲ್ಲಿ ದಿನವಿಡೀ ಕಟ್ಟಿಹಾಕಿದರೆ ಆ ಕಸುವು ಬೊಗಳಾಟವಾಗಿಯೋ, ಚಪ್ಪಲಿ ಕಡಿಯುವ ಚಟವಾಗಿಯೋ ಹೊರಬರುತ್ತದೆ. ಮನೆಯವರು ಅದನ್ನು 'ತುಂಟತನ' ಎನ್ನುತ್ತಾರೆ. ನಾಯಿಯ ಮಟ್ಟಿಗೆ ಅದು ಕೆಲಸವಿಲ್ಲದವನ ಚಡಪಡಿಕೆ.

ಸಾಕಿದವರೇ ಬಿಡುವುದೇಕೆ?

ಮರಿಯನ್ನು ನೋಡಿ ಮರುಳಾಗಿ ತರುವುದು ಸುಲಭ. ಎಂಟು ವಾರದ ಮರಿ ಒಂದು ವರ್ಷದೊಳಗೆ ಪೂರ್ತಿ ಬೆಳೆದ ನಾಯಿಯಾಗುತ್ತದೆ. ಕೂದಲು ಗಂಟುಕಟ್ಟುತ್ತದೆ. ಕಿವಿಯಿಂದ ದುರ್ವಾಸನೆ ಬರುತ್ತದೆ. ಔಷಧಿಗೆ ಹಣ ಬೇಕಾಗುತ್ತದೆ. ಅಷ್ಟರಲ್ಲಿ ಯಜಮಾನರಿಗೆ ಬೇರೆ ಊರಿಗೆ ವರ್ಗವಾಗುತ್ತದೆ, ಬಾಡಿಗೆ ಮನೆಯ ಮಾಲೀಕರು ತಕರಾರು ತೆಗೆಯುತ್ತಾರೆ, ಮನೆಯಲ್ಲಿ ಮಗು ಹುಟ್ಟುತ್ತದೆ. ನಾಯಿಯನ್ನು ಬಯಸಿದ ಮಗ ಅಥವಾ ಮಗಳು ಓದಲು ಹಾಸ್ಟೆಲಿಗೆ ಹೋಗಿ ನೋಡಿಕೊಳ್ಳುವವರು ಇಲ್ಲದಂತಾಗುವುದೂ ಉಂಟು. ಮರಿ ಹಾಕಿಸಿ ಮಾರುವವರು ವಯಸ್ಸಾದ ಹೆಣ್ಣುನಾಯಿ ಇನ್ನು ಉಪಯೋಗಕ್ಕಿಲ್ಲವೆಂದು ಹೊರದಬ್ಬುವುದೂ ಉಂಟು.

ಈ ಕಾರಣಗಳಲ್ಲಿ ನಾಯಿಯ ತಪ್ಪು ಎಷ್ಟಿದೆ ಎಂದು ನೀವೇ ಲೆಕ್ಕಹಾಕಿ. ಆಶ್ರಯಧಾಮದಲ್ಲಿರುವ ನಾಯಿ ಎಂದರೆ ಏನೋ ಐಬಿರುವ ನಾಯಿ ಎಂಬ ಭಾವನೆ ನಮ್ಮಲ್ಲಿದೆ. ಎಷ್ಟೋ ಬಾರಿ ಐಬು ಇರುವುದು ಅದನ್ನು ತಂದವರ ಲೆಕ್ಕಾಚಾರದಲ್ಲಿ.

ಕಾನೂನು ಈ ಬಗ್ಗೆ ಸುಮ್ಮನಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಬಿಟ್ಟುಹೋಗುವುದು ಅಪರಾಧ. ಈ ಕಾಯ್ದೆ ಬರಲು ಮುಖ್ಯ ಪ್ರೇರಣೆಯಾದವರು ಭರತನಾಟ್ಯದ ಹೆಸರಾಂತ ಕಲಾವಿದೆ, ರಾಜ್ಯಸಭೆಯ ಸದಸ್ಯೆಯಾಗಿದ್ದ ರುಕ್ಮಿಣಿದೇವಿ ಅರುಂಡೇಲ್. ನಮ್ಮ ಸಂವಿಧಾನದ 51ಎ ವಿಧಿಯ ಮೂಲಭೂತ ಕರ್ತವ್ಯಗಳಲ್ಲೂ ಜೀವಿಗಳ ಬಗ್ಗೆ ಅನುಕಂಪ ತೋರುವುದು ಸೇರಿದೆ. ನಾಯಿ ತಳಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು ಎಂದು 2017ರ ಕೇಂದ್ರ ನಿಯಮಗಳು ಹೇಳುತ್ತವೆ.

ಕಾನೂನು ಬಿಡುವವರನ್ನು ತಡೆಯಬಹುದು. ಬಿಟ್ಟ ನಾಯಿಯನ್ನು ಎತ್ತಿ ಸಲಹುವ ಕೆಲಸ ಹೆಚ್ಚಾಗಿ ಸ್ವಯಂಸೇವಾ ಸಂಸ್ಥೆಗಳ ಪಾಲಿಗೆ ಬಂದಿದೆ. ಬೆಂಗಳೂರಿನ 'ಕ್ಯೂಪಾ' ಅಂಥದೊಂದು ಸಂಸ್ಥೆ. ಭಾರತದಲ್ಲೇ ನೆಲೆನಿಂತು ಪ್ರಾಣಿಗಳ ಸೇವೆ ಮಾಡಿದ ಬ್ರಿಟಿಷ್ ಮಹಿಳೆ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಅದನ್ನು ಆರಂಭಿಸಿದರು.

ನೊಂದ ನಾಯಿ ಮತ್ತೆ ನಂಬುತ್ತದೆಯೇ?

ಮರಿಯಾದರೆ ನಮ್ಮನ್ನು ಹಚ್ಚಿಕೊಳ್ಳುತ್ತದೆ, ಬೆಳೆದ ನಾಯಿ ಹಳೆಯ ಯಜಮಾನನನ್ನೇ ನೆನೆಯುತ್ತದೆ ಎಂದು ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಇದರಲ್ಲಿ ಎಷ್ಟು ನಿಜ? ವಿಜ್ಞಾನಿಗಳು ಇದನ್ನು ಪರೀಕ್ಷಿಸಿದ್ದಾರೆ. ಅವರ ಪ್ರಯೋಗಗಳಲ್ಲಿ ನಮ್ಮ ಕಾಕರ್ ಸ್ಪೇನಿಯಲ್‌ಗೂ ಪಾತ್ರವಿದೆ.

ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ಐದು ತಳಿಯ ನಾಯಿಗಳನ್ನು ಹಲವು ವರ್ಷ ಅಭ್ಯಾಸ ಮಾಡಿದರು. ಅವುಗಳಲ್ಲಿ ಕಾಕರ್ ಒಂದು. 1965ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಆಫ್ರಿಕದ ಬಸೆಂಜಿ ತಳಿಯ ಮರಿಗಳು ಮನುಷ್ಯರನ್ನು ಕಂಡು ಅಂಜಿ ಓಡುತ್ತಿದ್ದರೆ, ಕಾಕರ್ ಮರಿಗಳು ಬಹುಮಟ್ಟಿಗೆ ಶಾಂತವಾಗಿರುತ್ತಿದ್ದವು. ತಳಿಯ ಗುಣ ಎಂಬುದೊಂದು ಇದೆ ಎಂದಾಯಿತು.

ಅದೇ ಪ್ರಯೋಗಾಲಯದ ಇನ್ನೊಂದು ಪ್ರಯೋಗ 1961ರಲ್ಲಿ ಪ್ರಕಟವಾಯಿತು. ಕಾಕರ್ ಮತ್ತು ಬೀಗಲ್ ಮರಿಗಳನ್ನು ಎತ್ತರದ ಬೇಲಿಯೊಳಗೆ ಮನುಷ್ಯರ ಸಂಪರ್ಕವಿಲ್ಲದಂತೆ ಬೆಳೆಸಲಾಯಿತು. ಕೆಲವು ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಹೊರತಂದು ಮನುಷ್ಯರ ಜೊತೆ ಆಡಲು ಬಿಟ್ಟರು. 14 ವಾರಗಳವರೆಗೆ ಮನುಷ್ಯರ ಒಡನಾಟವೇ ಸಿಗದ ಮರಿಗಳು ಕಾಡುಪ್ರಾಣಿಗಳಂತೆ ಹೆದರುಪುಕ್ಕಲಾದವು. ಸಾಧು ತಳಿಯ ಕಾಕರ್ ಕೂಡ ಇದಕ್ಕೆ ಹೊರತಾಗಲಿಲ್ಲ. ಅಂದರೆ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲ ನಾಯಿಯ ಬಾಳಿನಲ್ಲಿ ಬಹಳ ಮುಖ್ಯ. ಆಗ ಕಂಡ ಮನುಷ್ಯರು, ಕೇಳಿದ ಶಬ್ದಗಳು ಅದಕ್ಕೆ ಸಹಜವೆನಿಸುತ್ತವೆ. ಕಾಣದೇ ಉಳಿದದ್ದು ಮುಂದೆ ಹೆದರಿಕೆ ಹುಟ್ಟಿಸಬಹುದು. ದತ್ತು ಬಂದ ನಾಯಿ ಕೊಡೆ ಬಿಚ್ಚಿದರೂ ಮಿಕ್ಸಿ ತಿರುಗಿದರೂ ಮಂಚದ ಕೆಳಗೆ ನುಸುಳಿದರೆ ಅದರ ಬಾಲ್ಯದಲ್ಲಿ ಕಾರಣವಿರಬಹುದು.

ಹಾಗಾದರೆ ಬಾಲ್ಯ ಕಳೆದ ಮೇಲೆ ದಾರಿಯೇ ಇಲ್ಲವೇ? ಹಂಗೇರಿಯ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಆಶ್ರಯಧಾಮದಲ್ಲಿದ್ದ 60 ಬೆಳೆದ ನಾಯಿಗಳನ್ನು ಅವರು ಆರಿಸಿಕೊಂಡರು. ಕೆಲವು ನಾಯಿಗಳ ಜೊತೆ ಒಬ್ಬ ವ್ಯಕ್ತಿ ಹತ್ತು ಹತ್ತು ನಿಮಿಷದಂತೆ ಮೂರು ಬಾರಿ ಮಾತ್ರ ಕಾಲ ಕಳೆದರು. ಆಮೇಲೆ ಪರಿಚಯವಿಲ್ಲದ ಕೋಣೆಯಲ್ಲಿ ಆ ವ್ಯಕ್ತಿಯನ್ನೂ ಅಪರಿಚಿತರೊಬ್ಬರನ್ನೂ ಇರಿಸಿ ನಾಯಿಯ ನಡವಳಿಕೆ ಗಮನಿಸಿದರು. ಪುಟ್ಟ ಮಕ್ಕಳಿಗೆ ತಾಯಿಯ ಮೇಲಿರುವ ನಂಟನ್ನು ಅಳೆಯಲು ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ರೂಪಿಸಿದ ಪರೀಕ್ಷೆಯೇ ಇದಕ್ಕೆ ಆಧಾರ. ಒಟ್ಟು ಅರ್ಧ ಗಂಟೆಯ ಒಡನಾಟ ಸಿಕ್ಕಿದ್ದ ನಾಯಿಗಳು ಆ ವ್ಯಕ್ತಿಯ ಬಗ್ಗೆ ನಂಟಿನ ಲಕ್ಷಣಗಳನ್ನು ತೋರಿದವು!

ಈ ಎರಡು ಪಾಠಗಳನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಹೊಸಬರನ್ನು ಹಚ್ಚಿಕೊಳ್ಳುವ ಶಕ್ತಿ ಬೆಳೆದ ನಾಯಿಯಲ್ಲಿ ಹಾಗೆಯೇ ಉಳಿದಿರುತ್ತದೆ. ಹಳೆಯ ಹೆದರಿಕೆಗಳು ಮಾತ್ರ ಅಷ್ಟು ಬೇಗ ಹೋಗುವುದಿಲ್ಲ. ಪ್ರೀತಿ ವಾರದಲ್ಲೇ ಬರಬಹುದು, ಧೈರ್ಯ ಬರಲು ತಿಂಗಳುಗಳು ಬೇಕಾಗಬಹುದು. ಇದು ಗೊತ್ತಿಲ್ಲದ ಮನೆಯವರು 'ಇಷ್ಟು ಮಾಡಿದರೂ ಹೆದರುತ್ತದಲ್ಲ' ಎಂದು ಬೇಸತ್ತು ನಾಯಿಯನ್ನು ಹಿಂದಿರುಗಿಸುತ್ತಾರೆ. ಗೊತ್ತಿದ್ದವರು ಕಾಯುತ್ತಾರೆ.

ತರುವ ಮೊದಲು ಮನೆಯ ಮಾತುಕತೆ

ಆಶ್ರಯಧಾಮಕ್ಕೆ ಹೋಗುವ ಮೊದಲು ಮನೆಯವರೆಲ್ಲ ಕೂತು ಮಾತನಾಡಬೇಕು. ಎಲ್ಲರೂ ಎಂದರೆ ಅಜ್ಜಿಯೂ ಸೇರಿ. ನಮ್ಮ ಎಷ್ಟೋ ಮನೆಗಳಲ್ಲಿ ನಾಯಿ ಬರಲಿ ಎನ್ನುವವರು ಮಕ್ಕಳು, ದಿನವಿಡೀ ಅದರ ಜೊತೆ ಇರುವವರು ಅಮ್ಮ ಅಥವಾ ಅಜ್ಜಿ. ಅವರ ಮನಸ್ಸಿಗೆ ವಿರುದ್ಧವಾಗಿ ತಂದ ನಾಯಿಗೆ ಆ ಮನೆ ಭದ್ರವಲ್ಲ. ದೇವರ ಕೋಣೆಗೂ ಅಡುಗೆ ಮನೆಗೂ ಬಿಡಬಾರದು ಎಂದು ಅಜ್ಜಿ ಹೇಳಿದರೆ ವಾದ ಮಾಡಬೇಕಿಲ್ಲ. ಬಾಗಿಲಿಗೆ ಅಡ್ಡ ತಡಿಕೆ ಇಟ್ಟು, ದಾಟದಂತೆ ಮೊದಲ ದಿನದಿಂದಲೇ ಎಲ್ಲರೂ ಒಂದೇ ರೀತಿ ಅಭ್ಯಾಸ ಮಾಡಿಸಿದರೆ ನಾಯಿ ಕಲಿಯುತ್ತದೆ. ಒಬ್ಬರು ತಡೆದು ಇನ್ನೊಬ್ಬರು ಬಿಟ್ಟರೆ ಮಾತ್ರ ಅದಕ್ಕೆ ಗೊಂದಲ.

ಮಾತುಕತೆಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಬೆಳಿಗ್ಗೆ ಸಂಜೆ ಯಾರು ಸುತ್ತಾಡಿಸುತ್ತಾರೆ? ಪರೀಕ್ಷೆಯ ದಿನಗಳಲ್ಲಿ ಯಾರು? ಊರಿಗೆ ಮದುವೆಗೆ ಹೋದಾಗ ನಾಯಿ ಎಲ್ಲಿರುತ್ತದೆ? ಆಹಾರ, ಲಸಿಕೆ, ಕೂದಲ ಆರೈಕೆ, ಕಾಯಿಲೆ ಇವುಗಳಿಗೆ ತಿಂಗಳ ಖರ್ಚಿನಲ್ಲಿ ಜಾಗವಿದೆಯೇ? ಮನೆ ಬಾಡಿಗೆಯದಾದರೆ ಮಾಲೀಕರ ಒಪ್ಪಿಗೆ ಇದೆಯೇ? ವಸತಿ ಸಮುಚ್ಚಯಗಳ ನಿವಾಸಿಗಳ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಹಾಗಿದ್ದರೂ ನಾಯಿಯ ಮಲವನ್ನು ಎತ್ತಿ ಸ್ವಚ್ಛಮಾಡುವುದು, ಲಿಫ್ಟಿನಲ್ಲಿ ಇತರರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು ಸಾಕಿದವರ ಮರ್ಯಾದೆ.

ಇನ್ನೊಂದು ಲೆಕ್ಕವನ್ನು ನೀವು ಸ್ವತಃ ಮಾಡಬೇಕು. ನೀವು ಈಗ ಒಂಬತ್ತನೇ ತರಗತಿಯಲ್ಲಿದ್ದೀರಿ, ದತ್ತು ತರುವ ಸ್ಪೇನಿಯಲ್‌ಗೆ ನಾಲ್ಕು ವರ್ಷ ಎಂದುಕೊಳ್ಳಿ. ನೀವು ಪದವಿ ಮುಗಿಸುವಾಗ ಅದಕ್ಕೆ ಹನ್ನೊಂದು ತುಂಬಿರುತ್ತದೆ. ಕಣ್ಣು ಮಂಜಾಗಿ, ಹೆಚ್ಚು ಆರೈಕೆ ಬೇಕಾಗುವ ಆ ಹೊತ್ತಿಗೆ ನೀವು ಯಾವ ಊರಿನಲ್ಲಿರುತ್ತೀರಿ? 'ನನ್ನ ನಾಯಿ' ಎಂದು ತರುವ ಬದಲು 'ನಮ್ಮ ಮನೆಯ ನಾಯಿ' ಎಂದು ತರಬೇಕಾದ ಕಾರಣ ಇದೇ.

ಆಶ್ರಯಧಾಮದಲ್ಲಿ ಕೇಳಬೇಕಾದದ್ದು

ಒಳ್ಳೆಯ ಸಂಸ್ಥೆಯವರು ನಾಯಿಯನ್ನು ಕೇಳಿದ ಕೂಡಲೇ ಕೈಗೆ ಕೊಡುವುದಿಲ್ಲ. ಅರ್ಜಿ ತುಂಬಿಸುತ್ತಾರೆ, ಪ್ರಶ್ನೆ ಕೇಳುತ್ತಾರೆ, ಕೆಲವೊಮ್ಮೆ ಮನೆ ನೋಡಲು ಬರುತ್ತಾರೆ. ಇದು ಅನುಮಾನವಲ್ಲ, ಎಚ್ಚರಿಕೆ. ನೀವೂ ಕೇಳಿ. ನಾಯಿಯ ಅಂದಾಜು ವಯಸ್ಸೆಷ್ಟು? ಹೇಗೆ ಬಂದಿತು? ಯಾವ ಲಸಿಕೆಗಳು ಆಗಿವೆ? ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ? ಮಕ್ಕಳ ಜೊತೆ, ಬೇರೆ ನಾಯಿ ಬೆಕ್ಕುಗಳ ಜೊತೆ ಹೇಗಿದೆ? ಊಟದ ತಟ್ಟೆಯ ಹತ್ತಿರ ಹೋದರೆ ಗುರುಗುಟ್ಟುತ್ತದೆಯೇ? ಕಿವಿ ಮತ್ತು ಕಣ್ಣಿನ ಸ್ಥಿತಿ ಹೇಗಿದೆ?

ಮನೆಯವರೆಲ್ಲ ಒಮ್ಮೆಯಾದರೂ ಹೋಗಿ ಅದರ ಜೊತೆ ಸ್ವಲ್ಪ ಹೊತ್ತು ಕುಳಿತು ಬನ್ನಿ. ಸಾಧ್ಯವಾದರೆ ಎರಡು ಮೂರು ಬಾರಿ ಹೋಗಿ. ಹಂಗೇರಿಯ ಪ್ರಯೋಗ ನೆನಪಿದೆಯಲ್ಲವೇ? ಮನೆಗೆ ಬರುವ ದಿನ ನಿಮ್ಮ ವಾಸನೆಯಾದರೂ ಅದಕ್ಕೆ ಪರಿಚಿತವಾಗಿರುತ್ತದೆ.

ಮೂರು ದಿನ, ಮೂರು ವಾರ, ಮೂರು ತಿಂಗಳು

ದತ್ತು ನಾಯಿಗಳ ಬಗ್ಗೆ ಅನುಭವಸ್ಥರು ಒಂದು ಸರಳ ಲೆಕ್ಕ ಹೇಳುತ್ತಾರೆ. ದಿಗಿಲು ಇಳಿಯಲು ಮೂರು ದಿನ, ಮನೆಯ ರೀತಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಎನಿಸಲು ಮೂರು ತಿಂಗಳು. ಇದು ಪ್ರತಿ ನಾಯಿಗೂ ತಪ್ಪದೆ ಅನ್ವಯಿಸುವ ನಿಯಮವಲ್ಲ. ಆದರೆ ನಮ್ಮ ಆತುರಕ್ಕೆ ಒಳ್ಳೆಯ ಕಡಿವಾಣ.

ಮೊದಲ ದಿನ ಓಣಿಯ ಗೆಳೆಯರನ್ನೆಲ್ಲ ಕರೆದು ತೋರಿಸುವ ಆಸೆ ಬರುತ್ತದೆ. ತಡೆದುಕೊಳ್ಳಿ. ಜನರ ಓಡಾಟವಿಲ್ಲದ ಒಂದು ಮೂಲೆಯಲ್ಲಿ ಹಳೆಯ ಜಮಖಾನ ಹಾಸಿ, ಪಕ್ಕದಲ್ಲಿ ನೀರಿನ ಬಟ್ಟಲಿಡಿ. ಅದು ಅಲ್ಲಿ ಮಲಗಿದ್ದಾಗ ಯಾರೂ ಮುಟ್ಟಬಾರದು. ನಾಯಿ ತಾನಾಗಿ ಬಂದರೆ ಮಾತನಾಡಿಸಿ, ಬಾರದಿದ್ದರೆ ಹತ್ತಿರದಲ್ಲೇ ನೆಲದ ಮೇಲೆ ಕೂತು ನಿಮ್ಮ ಪಾಠ ಓದಿಕೊಳ್ಳಿ. ಮೊದಲೆರಡು ದಿನ ಊಟ ಕಡಿಮೆ ಮಾಡಿದರೆ ಗಾಬರಿ ಬೇಡ. ನೀರನ್ನೂ ಮುಟ್ಟದಿದ್ದರೆ, ವಾಂತಿ ಭೇದಿ ಇದ್ದರೆ ಪಶುವೈದ್ಯರಲ್ಲಿಗೆ ಹೋಗಬೇಕು. ಗೇಟು ಮುಚ್ಚಿರಲಿ. ಹೊರಗೆ ಕರೆದೊಯ್ಯುವಾಗ ಕೊರಳಪಟ್ಟಿ ಕಳಚಿಕೊಳ್ಳದಷ್ಟು ಸರಿಯಾಗಿರಲಿ, ಹಗ್ಗ ಕೈಯಲ್ಲಿ ಭದ್ರವಾಗಿರಲಿ. ಹೊಸ ಊರಿನಲ್ಲಿ ದಾರಿ ತಿಳಿಯದ ನಾಯಿ ತಪ್ಪಿಸಿಕೊಂಡರೆ ಹುಡುಕುವುದು ಬಹಳ ಕಷ್ಟ.

ದಿನಚರಿಯೇ ದೊಡ್ಡ ಔಷಧಿ. ಊಟ, ಸುತ್ತಾಟ, ನಿದ್ದೆ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ನಡೆದರೆ ಮುಂದೇನಾಗುತ್ತದೆ ಎಂಬುದು ನಾಯಿಗೆ ತಿಳಿಯುತ್ತದೆ. ಮುಂದಿನದು ತಿಳಿದಾಗ ಹೆದರಿಕೆ ಇಳಿಯುತ್ತದೆ. ಎದ್ದ ಕೂಡಲೇ, ಉಂಡ ಮೇಲೆ, ಮಲಗುವ ಮುನ್ನ ಹೊರಗೆ ಕರೆದೊಯ್ದು, ಸರಿಯಾದ ಜಾಗದಲ್ಲಿ ವಿಸರ್ಜನೆ ಮಾಡಿದಾಗ ಹೊಗಳಿದರೆ ಬೆಳೆದ ನಾಯಿ ಬೇಗನೆ ಕಲಿಯುತ್ತದೆ. ಒಳಗೆ ಮಾಡಿಬಿಟ್ಟರೆ ಮೂಗು ತಿಕ್ಕುವುದು, ಹೊಡೆಯುವುದು ಕೂಡದು. ಏಕೆಂದು ಪಾವ್ಲೋವ್ ಅವರ ಪ್ರಯೋಗ ಓದಿದವರಿಗೆ ತಿಳಿಯುತ್ತದೆ. ಆಹಾರಕ್ಕೆ ಮುನ್ನ ಮತ್ತೆ ಮತ್ತೆ ಒಂದೇ ಸಂಕೇತ ಕೊಟ್ಟರೆ ಆ ಸಂಕೇತಕ್ಕೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯತೊಡಗುತ್ತದೆ ಎಂದು ಈ ರಷ್ಯನ್ ವಿಜ್ಞಾನಿ ತೋರಿಸಿದರು. ಪೆಟ್ಟೂ ಅಂಥದೇ ಸಂಕೇತವಾಗುತ್ತದೆ. ನೆಲ ಒದ್ದೆಮಾಡಿದ್ದಕ್ಕೂ ಪೆಟ್ಟಿಗೂ ನಾಯಿ ಸಂಬಂಧ ಕಲ್ಪಿಸದೆ, ನಿಮ್ಮ ಕೈಗೂ ಪೆಟ್ಟಿಗೂ ಸಂಬಂಧ ಕಲ್ಪಿಸುತ್ತದೆ. ಆಮೇಲೆ ಮುದ್ದಿಸಲು ಕೈಯೆತ್ತಿದರೂ ಅದು ಕುಗ್ಗುತ್ತದೆ.

ಗುರುಗುಟ್ಟುವುದರ ಬಗ್ಗೆ ಒಂದು ಮಾತು. ಹಸಿವು ಕಂಡ ನಾಯಿ ತಟ್ಟೆಯನ್ನು ಕಾಯುವುದು ಸಹಜ. ಅದು ಗುರುಗುಟ್ಟಿದರೆ 'ದೂರವಿರು' ಎಂದು ಮುನ್ಸೂಚನೆ ಕೊಡುತ್ತಿದೆ ಎಂದು ತಿಳಿಯಿರಿ. ಅದಕ್ಕಾಗಿ ಬೈದು ಹೊಡೆದರೆ ಮುಂದೆ ಸೂಚನೆ ಕೊಡದೆಯೇ ಕಚ್ಚಬಹುದು. ಉಣ್ಣುವಾಗ ಬಿಟ್ಟುಬಿಡಿ. ಚಿಕ್ಕ ತಮ್ಮ ತಂಗಿಯರನ್ನು ಹೊಸ ನಾಯಿಯ ಜೊತೆ ಒಂಟಿಯಾಗಿ ಬಿಡಬೇಡಿ. ಗುರುಗುಟ್ಟುವುದು ಹೆಚ್ಚಾದರೆ ಪಶುವೈದ್ಯರ ಸಲಹೆ ಪಡೆಯಿರಿ. ಕಿವಿನೋವಿನಂಥ ನೋವೂ ಕಾರಣವಾಗಿರಬಹುದು.

ಸ್ಪೇನಿಯಲ್‌ಗೆ ಮನುಷ್ಯರ ಜೊತೆ ಬಹಳ ಬೇಕು. ಒಮ್ಮೆ ಮನೆ ಕಳೆದುಕೊಂಡ ನಾಯಿಗಂತೂ ಬಾಗಿಲು ಮುಚ್ಚಿದ ಸದ್ದೇ ಹೆದರಿಕೆ ತರಬಹುದು. ಮೊದಲು ಎರಡು ನಿಮಿಷ, ಆಮೇಲೆ ಹತ್ತು, ಅರ್ಧ ಗಂಟೆ ಹೀಗೆ ಒಂಟಿಯಾಗಿರುವುದನ್ನು ಮೆಲ್ಲಗೆ ಅಭ್ಯಾಸ ಮಾಡಿಸಿ. ಹೋದವರು ಮರಳಿ ಬರುತ್ತಾರೆ ಎಂಬುದು ಅದು ಕಲಿಯಬೇಕಾದ ಮುಖ್ಯ ಪಾಠ. ದೀಪಾವಳಿಯ ದಿನಗಳಲ್ಲಿ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ ಜೊತೆಗಿರಿ. ನಮಗೆ ಕೇಳಿಸದ ಎಷ್ಟೋ ಶಬ್ದಗಳು ನಾಯಿಗೆ ಕೇಳಿಸುತ್ತವೆ ಎಂದ ಮೇಲೆ ಪಟಾಕಿ ಅದಕ್ಕೆ ಹೇಗಿರಬೇಕು, ಯೋಚಿಸಿ.

ಕಿವಿ, ಕೂದಲು, ಉಣುಗು

ಸ್ಪೇನಿಯಲ್‌ನ ಅಂದವೆಲ್ಲ ಕಿವಿಯಲ್ಲಿದೆ, ತೊಂದರೆಯೂ ಅಲ್ಲೇ. ನಾಯಿಯ ಕಿವಿಯ ನಾಳ ನೇರವಾಗಿರದೆ ಮೊದಲು ಕೆಳಕ್ಕೆ ಇಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಅದರ ಮೇಲೆ ಭಾರವಾದ ಕಿವಿಯ ಹಾಳೆ ಮುಚ್ಚಿಕೊಂಡಿರುತ್ತದೆ. ಗಾಳಿಯಾಡುವುದಿಲ್ಲ, ಒಳಗೆ ಬೆಚ್ಚಗೆ, ತೇವವಾಗಿ ಇರುತ್ತದೆ. ಬೂಷ್ಟು ಜಾತಿಯ ಸೂಕ್ಷ್ಮಜೀವಿಗಳಿಗೂ ಬ್ಯಾಕ್ಟೀರಿಯಗಳಿಗೂ ಬೇಕಾದದ್ದು ಅದೇ. ತಲೆ ಒದರುವುದು, ಕಿವಿ ಕೆರೆಯುವುದು, ಕಂದು ಬಣ್ಣದ ಕೊಳೆ, ಕೆಟ್ಟ ವಾಸನೆ ಕಂಡರೆ ಸೋಂಕು ತಗಲಿದೆ ಎಂದು ಶಂಕಿಸಬೇಕು. ವಾರಕ್ಕೊಮ್ಮೆ ಕಿವಿ ಎತ್ತಿ ನೋಡಿ. ಸ್ನಾನವಾದ ಮೇಲೆ, ಮಳೆಯಲ್ಲಿ ನೆನೆದ ಮೇಲೆ ಮೆತ್ತನೆಯ ಬಟ್ಟೆಯಿಂದ ಹೊರಭಾಗ ಒರೆಸಿ. ಕಡ್ಡಿ, ಹತ್ತಿ ಸುತ್ತಿದ ಕಡ್ಡಿ, ಎಣ್ಣೆ ಇವುಗಳನ್ನು ಒಳಗೆ ಹಾಕಬಾರದು. ಔಷಧಿಯನ್ನು ವೈದ್ಯರು ನೋಡಿಯೇ ಕೊಡಬೇಕು.

ಉದ್ದ ಕೂದಲನ್ನು ಸಾಧ್ಯವಾದರೆ ದಿನವೂ, ಇಲ್ಲವೇ ವಾರಕ್ಕೆ ಮೂರು ನಾಲ್ಕು ಬಾರಿ ಬಾಚಬೇಕು. ಕಂಕುಳು, ಕಿವಿಯ ಹಿಂಭಾಗ, ಕಾಲ್ಬೆರಳ ಸಂದುಗಳಲ್ಲಿ ಗಂಟಾಗುತ್ತದೆ. ಬಾಚುವಾಗಲೇ ಉಣುಗು ಇದೆಯೇ ಎಂದು ನೋಡಿ. ನಾಯಿಗೆ ಅಂಟುವ ಉಣುಗು ರಕ್ತ ಹೀರುವುದಲ್ಲದೆ ರೋಗಾಣುಗಳನ್ನೂ ಹರಡುತ್ತದೆ. ಅದರಿಂದ ಬರುವ ಜ್ವರದಲ್ಲಿ ನಾಯಿ ಮಂಕಾಗುತ್ತದೆ, ಊಟ ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ತಡಮಾಡಿದರೆ ಪ್ರಾಣಕ್ಕೆ ಅಪಾಯ. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ ಮತ್ತು ಸಂಜೆ ಮಾತ್ರ ಸುತ್ತಾಡಿಸಿ. ಕಾದ ಟಾರು ರಸ್ತೆ ಅಂಗಾಲನ್ನು ಸುಡುತ್ತದೆ. ನಿಮ್ಮ ಅಂಗೈಯನ್ನು ರಸ್ತೆಯ ಮೇಲೆ ಸ್ವಲ್ಪ ಹೊತ್ತು ಇಡಲಾಗದಿದ್ದರೆ ನಾಯಿಯನ್ನೂ ಅಲ್ಲಿ ನಡೆಸಬೇಡಿ.

ಸಸ್ಯಾಹಾರಿ ಮನೆಯಲ್ಲಿ ಸಾಕಬಹುದೇ ಎಂದು ಹಲವರು ಕೇಳುತ್ತಾರೆ. ಮನುಷ್ಯರ ಜೊತೆ ಬಾಳಿದ ನಾಯಿಗೆ ತೋಳಕ್ಕಿಂತ ಚೆನ್ನಾಗಿ ಪಿಷ್ಟವನ್ನು ಅರಗಿಸುವ ಶಕ್ತಿ ಬಂದಿದೆ ಎಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ವಂಶವಾಹಿಗಳ ಅಧ್ಯಯನದಿಂದ ತೋರಿಸಿದರು. ಹಾಗಾಗಿ ಅನ್ನ, ರಾಗಿ ಅರಗುತ್ತವೆ. ಆದರೆ ಬರೀ ಅನ್ನ ಮೊಸರು ಪೂರ್ಣ ಆಹಾರವಾಗದು. ಬೇಕಾದ ಪ್ರೋಟೀನು ಮತ್ತು ಲವಣಾಂಶ ಹೇಗೆ ಒದಗಿಸಬೇಕೆಂದು ಪಶುವೈದ್ಯರಿಂದ ತಿಳಿಯಿರಿ. ಮಿಕ್ಕ ಹುಳಿ ಸಾರು ಹಾಕುವ ಅಭ್ಯಾಸ ಬೇಡ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳಿಗೆ ಹಾನಿ ಮಾಡುತ್ತವೆ. ದ್ರಾಕ್ಷಿ ಮತ್ತು ಪಾಯಸಕ್ಕೆ ಹಾಕುವ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಅಪಾಯ. ಚಾಕೊಲೇಟ್ ವಿಷ. ಬೇಯಿಸಿದ ಕೋಳಿಮೂಳೆ ಸೀಳಿ ಗಂಟಲು, ಕರುಳಿಗೆ ಚುಚ್ಚಬಹುದು. ಮನುಷ್ಯರ ಜ್ವರದ ಮಾತ್ರೆಯನ್ನು ನಾಯಿಗೆ ಕೊಡಲೇಬಾರದು.

ರೇಬೀಸ್ ಲಸಿಕೆ ತಪ್ಪಿಸಬೇಡಿ

ದತ್ತು ನಾಯಿಯ ಹಿಂದಿನ ಲಸಿಕೆಗಳ ದಾಖಲೆ ಇಲ್ಲದಿದ್ದರೆ ಆಗಿಲ್ಲವೆಂದೇ ತಿಳಿದು ಹೊಸದಾಗಿ ಹಾಕಿಸಬೇಕು. ರೇಬೀಸ್ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯರಾಗಲಿ ನಾಯಿಯಾಗಲಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಆದರೆ ಅದನ್ನು ತಡೆಯಲು ಲಸಿಕೆ ಇದೆ. 1885ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಈ ಚಿಕಿತ್ಸೆ ಕೊಟ್ಟರು, ಹುಡುಗ ಉಳಿದ. ಯಾವ ನಾಯಿಯೇ ಕಚ್ಚಲಿ ಪರಚಲಿ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೈಗುಳಕ್ಕೆ ಹೆದರಿ ಮನೆಯಲ್ಲಿ ಮುಚ್ಚಿಡಬೇಡಿ. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ.

ದತ್ತು ಸಾಧ್ಯವಾಗದಿದ್ದರೆ

ಮಾತುಕತೆಯ ಕೊನೆಗೆ ಮನೆಯವರು 'ಈಗ ಬೇಡ' ಎಂದು ತೀರ್ಮಾನಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಅರೆಮನಸ್ಸಿನಿಂದ ತರುವುದಕ್ಕಿಂತ ತರದಿರುವುದೇ ನಾಯಿಗೆ ಒಳ್ಳೆಯದು. ಆಶ್ರಯಧಾಮಗಳಲ್ಲಿ ರಜೆಯ ದಿನ ನಾಯಿಗಳನ್ನು ಸುತ್ತಾಡಿಸಲು, ಕೂದಲು ಬಾಚಲು ಕೈಗಳು ಬೇಕಾಗಿರುತ್ತವೆ. ಕೆಲವು ಸಂಸ್ಥೆಗಳು ಕೆಲವೇ ವಾರಗಳ ಮಟ್ಟಿಗೆ ಮನೆಯಲ್ಲಿ ಇಟ್ಟುಕೊಳ್ಳಲು ನಾಯಿಗಳನ್ನು ಕೊಡುತ್ತವೆ. ಹೊಸ ಮನೆ ಸಿಗುವವರೆಗಿನ ಆ ಆಸರೆಯೂ ದೊಡ್ಡ ಉಪಕಾರ. ತಂದ ಮೇಲೆ ನಿಜಕ್ಕೂ ಹೊಂದಾಣಿಕೆ ಆಗದಿದ್ದರೆ ನಾಯಿಯನ್ನು ಕೊಟ್ಟ ಸಂಸ್ಥೆಗೇ ತಿಳಿಸಿ ಹಿಂದಿರುಗಿಸಬೇಕು. ಬೀದಿಗೆ ಬಿಡುವುದು ಯಾವ ಕಾಲಕ್ಕೂ ಪರಿಹಾರವಲ್ಲ. ಮನೆಯಲ್ಲಿ ಬೆಳೆದ ಸ್ಪೇನಿಯಲ್‌ಗೆ ಬೀದಿಯಲ್ಲಿ ಬದುಕುವ ವಿದ್ಯೆ ಗೊತ್ತಿಲ್ಲ.

ನೀವು ಮಾಡಿ ನೋಡಿ

ಒಂದು ಹಾಳೆ ತೆಗೆದುಕೊಂಡು ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಂಟೆಗಳನ್ನು ಬರೆಯಿರಿ. ನಿಮ್ಮ ಮನೆಯಲ್ಲಿ ಯಾವ ಗಂಟೆಗೆ ಯಾರು ಇರುತ್ತಾರೆ ಎಂದು ಎದುರಿಗೆ ಗುರುತಿಸಿ. ನಾಯಿಯ ಊಟ, ಎರಡು ಸುತ್ತಾಟ, ಬಾಚುವಿಕೆ ಇವುಗಳ ಮುಂದೆ ಹೊಣೆ ಹೊರುವವರೇ ತಮ್ಮ ಹೆಸರು ಬರೆಯಲಿ. ನೀವು ಬೇರೆಯವರ ಹೆಸರು ಬರೆಯಬೇಡಿ. ಒಂದು ತಿಂಗಳು, ನಾಯಿ ಇನ್ನೂ ಬಂದಿಲ್ಲದಿದ್ದರೂ, ನಿಮ್ಮ ಪಾಲಿನ ಸುತ್ತಾಟಕ್ಕೆ ಅದೇ ಹೊತ್ತಿಗೆ ಎದ್ದು ಹೋಗಿಬನ್ನಿ. ಮಳೆಯ ದಿನವೂ, ಭಾನುವಾರವೂ. ತಿಂಗಳ ಕೊನೆಗೆ ಹಾಳೆಯಲ್ಲಿ ಎಷ್ಟು ದಿನ ತಪ್ಪಿದೆ ಎಂದು ಎಣಿಸಿ, ಅದನ್ನು ಅಪ್ಪ ಅಮ್ಮನ ಮುಂದಿಡಿ. ನಾಯಿಯನ್ನು ತರಬಹುದೇ ಇಲ್ಲವೇ ಎಂಬ ಚರ್ಚೆಯನ್ನು ಆ ಹಾಳೆಯಿಂದ ಆರಂಭಿಸಿ.